ಗ್ಲೌಸಿನ ಸದ್ದು

ಮೂವತ್ತಮೂರು ವರ್ಷದ ಬೇಸ್‌ಬಾಲ್ ಎಸೆತಗಾರ ಸೆತೋಗುಚಿಯ ಬಲಗೈಗೆ ಎರಡು ಸಲ ಶಸ್ತ್ರಚಿಕಿತ್ಸೆ ಆಗಿತ್ತು. ಮೊದಲನೆಯದು ಮೊಣಕೈಗೆ. ಮೂಳೆಗಳನ್ನು ಹಿಡಿದಿಡುವ ಒಳಗಿನ ಕಟ್ಟು ಹರಿದುಹೋಗಿ, ಎಡ ಮಣಿಕಟ್ಟಿನಿಂದ ಒಂದು ಸ್ನಾಯುರಜ್ಜು ತೆಗೆದು ಅಲ್ಲಿಗೆ ಹೊಲಿದಿದ್ದರು. ಹದಿನಾಲ್ಕು ತಿಂಗಳು ಕಾದು ಮತ್ತೆ ಚೆಂಡು ಎಸೆಯಲು ಶುರು ಮಾಡುವಷ್ಟರಲ್ಲಿ ಭುಜ ಕೈಕೊಟ್ಟು, ಅದಕ್ಕೂ ಶಸ್ತ್ರಚಿಕಿತ್ಸೆಯಾಯಿತು. ತಂಡದವರು ಅವನನ್ನು ಹೊರಗೆ ಹಾಕಲಿಲ್ಲ. ಬೆನ್ನ ಮೇಲಿದ್ದ ಹದಿನೇಳನೇ ನಂಬರು ತೆಗೆದುಕೊಂಡು ನೂರ ಇಪ್ಪತ್ತಾರು ಕೊಟ್ಟರು, ಅಷ್ಟೇ. ಅಷ್ಟೇ ಅಂದರೆ ಅಷ್ಟೇ ಅಲ್ಲ. ಬೆನ್ನ ಮೇಲೆ ಮೂರಂಕಿ ಹೊತ್ತವನು ಎರಡನೇ ತಂಡದಲ್ಲಿ ಆಡಬಹುದು, ಮೇಲಿನ ತಂಡದಲ್ಲಿ ಆಡುವಂತಿಲ್ಲ. ಜುಲೈ ಮೂವತ್ತೊಂದರೊಳಗೆ ಎರಡಂಕಿ ವಾಪಸು ಸಿಗದಿದ್ದರೆ ಆ ವರ್ಷ ಮುಗಿದಂತೆ. ಅವನ ವಯಸ್ಸಿನವನಿಗೆ ಆ ವರ್ಷ ಮುಗಿಯಿತೆಂದರೆ ಬೇಸ್‌ಬಾಲೇ ಮುಗಿದಂತೆ. ಅಕ್ಟೋಬರಿನಲ್ಲಿ ಕಚೇರಿಗೆ ಕರೆಯುತ್ತಾರೆ, ಹಸಿರು ಚಹಾ ಕೊಡುತ್ತಾರೆ, ಇಷ್ಟು ದಿನ ತುಂಬಾ ದುಡಿದಿರಿ ಎಂದು ಸೊಂಟ ಬಾಗಿಸಿ ವಂದಿಸಿ ಕಳಿಸುತ್ತಾರೆ. ಬೈದು ಕಳಿಸಿದರಾದರೂ ವಾಸಿ.

ಒಕಾಯಾಮಾ ಊರಿನ ಹೊರಗೆ, ನದಿ ಸಮುದ್ರ ಸೇರುವ ಕಡೆ ಎರಡನೇ ತಂಡದ ಮೈದಾನ. ಪಕ್ಕದಲ್ಲಿ ತಗಡಿನ ಮಾಡಿನ ಒಂದು ಉದ್ದನೆಯ ಶೆಡ್ಡು. ಎಸೆತಗಾರರೆಲ್ಲ ಅಲ್ಲಿ ಸಾಲಾಗಿ ನಿಂತು ಎಸೆಯುತ್ತಾರೆ, ಆ ಕಡೆ ಕುಕ್ಕರಗಾಲಲ್ಲಿ ಕೂತವರು ಹಿಡಿಯುತ್ತಾರೆ. ಸೆತೋಗುಚಿಯ ಚೆಂಡು ಹಿಡಿಯುತ್ತಿದ್ದವನು ನುಮಾಜಿರಿ. ನಲವತ್ತಾರು ವರ್ಷ, ಮೋಟು ಕಾಲು, ದಪ್ಪ ಕುತ್ತಿಗೆ. ಪಂದ್ಯದಲ್ಲಿ ಆಡುವ ಯೋಗ ಅವನಿಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಶೆಡ್ಡಿನಲ್ಲಿ ಬೇರೆಯವರ ಚೆಂಡು ಹಿಡಿಯುವುದೇ ಅವನ ಕೆಲಸ. ಅಂಥವರನ್ನು ತಂಡಗಳಲ್ಲಿ ‘ಗೋಡೆ’ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ಈ ಗೋಡೆಗೆ ಒಂದು ವಿದ್ಯೆ ಗೊತ್ತಿತ್ತು. ಅವನ ಗ್ಲೌಸಿಗೆ ಚೆಂಡು ಬಿದ್ದರೆ ಶೆಡ್ಡಿನ ತಗಡೆಲ್ಲ ಅದುರುವಂತೆ ಸದ್ದಾಗುತ್ತಿತ್ತು. ಮೇ ತಿಂಗಳಲ್ಲಿ ಸೆತೋಗುಚಿ ಮೊದಲ ಸಲ ಪೂರ್ತಿ ಬಲ ಹಾಕಿ ಎಸೆದ ದಿನ, ಆ ಸದ್ದು ಕೇಳಿ ನದಿಯ ಆಚೆ ದಡದಲ್ಲಿ ಗಾಳ ಹಾಕಿ ಕೂತಿದ್ದ ಮುದುಕ ತಲೆ ಎತ್ತಿದ.

"ಬಂತು ನೋಡು," ಎಂದ ನುಮಾಜಿರಿ.

"ಬಂತಾ ನುಮಾ-ಸಾನ್?"

"ಕಿವುಡನಾ ನೀನು? ಇನ್ನೊಂದು ಎಸಿ."

ವೇಗ ಅಳೆಯುವ ಯಂತ್ರವನ್ನು ವೈದ್ಯರೇ ದೂರ ಇಡಿಸಿದ್ದರು. ಅಂಕಿ ಕಂಡರೆ ಎಸೆತಗಾರನಿಗೆ ಆತುರ ಹತ್ತುತ್ತದೆ, ಆತುರಕ್ಕೆ ಹೊಲಿಗೆ ಬಿಚ್ಚುತ್ತದೆ ಎಂದು ಅವರ ಭಯ. ಹಾಗಾಗಿ ಸೆತೋಗುಚಿಗೆ ಉಳಿದದ್ದು ಕಿವಿ ಒಂದೇ. ದಿನಾ ನಲವತ್ತು ಚೆಂಡು, ನಲವತ್ತು ಸಲ ಆ ಸದ್ದು. ಎರಡು ವರ್ಷ ಸುಮ್ಮನೆ ರಬ್ಬರ್ ಪಟ್ಟಿ ಎಳೆಯುತ್ತ, ಅನ್ನದ ಬಟ್ಟಲು ಎಡಗೈಯಲ್ಲಿ ಮಾತ್ರ ಎತ್ತುತ್ತ ಕಳೆದವನಿಗೆ ಅದಕ್ಕಿಂತ ದೊಡ್ಡ ಔಷಧಿ ಬೇಕೆ? ಎದೆ ಉಬ್ಬಿತು. ಊಟದ ಮನೆಯಲ್ಲಿ ಮಾತು ಜಾಸ್ತಿಯಾಯಿತು.

ಒಂದು ದಿನ ಎಸೆತ ಮುಗಿದ ಮೇಲೆ ನೋಡಿದರೆ ನುಮಾಜಿರಿ ಐಸಿನ ಬಕೆಟ್ಟಿನಲ್ಲಿ ಎಡಗೈ ಅದ್ದಿಕೊಂಡು ಕೂತಿದ್ದ. ತೋರುಬೆರಳಿನ ಬುಡ ನೇರಳೆ ಬಣ್ಣಕ್ಕೆ ತಿರುಗಿ ಊದಿತ್ತು.

"ನನ್ನ ಚೆಂಡಿನಿಂದಾನಾ?" ಎಂದು ಕೇಳಿದ ಸೆತೋಗುಚಿ. ಕೇಳುವಾಗ ನಗು ತಡೆಯಲಾಗಲಿಲ್ಲ.

"ನಿನ್ನದಲ್ಲದೆ ಇನ್ಯಾರದು? ಹೋಗು, ಸ್ನಾನ ಮಾಡು."

ಸೆತೋಗುಚಿ ಸ್ನಾನದ ಮನೆಯ ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತು, ಆ ಊದಿದ ಬೆರಳನ್ನು ನೆನೆದು ಖುಷಿಪಟ್ಟ. ಇನ್ನೊಬ್ಬರ ಕೈ ಊದಿದ್ದಕ್ಕೆ ಖುಷಿಪಡುವುದು ಕೆಟ್ಟದ್ದೇ. ಆದರೆ ಎಸೆತಗಾರರ ಕುಲವೇ ಹಾಗೆ, ಅವರಿಗೆ ಬೇರೆಯವರ ಕೈ ಒಂದು ಸಾಕ್ಷಿ ಮಾತ್ರ.

ಜೂನ್ ಎರಡನೇ ವಾರ ಪಂದ್ಯಕ್ಕೆ ಇಳಿಸಿದರು. ಎದುರು ತಂಡದಲ್ಲಿ ಇದ್ದವರೆಲ್ಲ ಇನ್ನೂ ಮೊಡವೆ ಹೋಗದ ಹುಡುಗರು. ಮೊದಲನೆಯವನು ಚೆಂಡನ್ನು ಎತ್ತಿ ಬೇಲಿಯಾಚೆ ಹಾಕಿದ. ಮೂರನೆಯವನೂ ಹಾಕಿದ. ಫಲಕದ ಮೇಲೆ ವೇಗ ಗಂಟೆಗೆ ನೂರ ಮೂವತ್ತೊಂದು ಕಿಲೋಮೀಟರ್ ಎಂದು ಬಿತ್ತು. ಅವನ ಒಳ್ಳೆಯ ದಿನಗಳಲ್ಲಿ ಅದು ನೂರ ನಲವತ್ತೆಂಟಕ್ಕೆ ಇಳಿದರೆ ಸುಸ್ತಾಗಿದ್ದಾನೆ ಎನ್ನುತ್ತಿದ್ದರು. ಈ ಮೈದಾನದ ಯಂತ್ರ ಯಾವತ್ತೂ ಜಿಪುಣ ಎಂದುಕೊಂಡ ಸೆತೋಗುಚಿ. ಐದು ಓಟ ಕೊಟ್ಟು ಹೊರಗೆ ಬಂದವನೇ, ಆ ದಿನ ಚೆಂಡು ಹಿಡಿದಿದ್ದ ತಮೋಗಾಮಿಯನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಹಿಡಿದುಕೊಂಡ. ತಮೋಗಾಮಿಗೆ ಇಪ್ಪತ್ತೊಂದು ವರ್ಷ, ತಂಡಕ್ಕೆ ಹೊಸಬ.

"ನಿನ್ನ ಗ್ಲೌಸಲ್ಲಿ ಒಂದಾದ್ರೂ ಸದ್ದು ಬಂತಾ? ದಿಂಬಿಗೆ ಎಸೆದ ಹಾಗಿತ್ತು. ಎಸೆಯೋನಿಗೆ ಹುರುಪು ಎಲ್ಲಿಂದ ಬರಬೇಕು?"

"ತಪ್ಪಾಯ್ತು ಸೆತೋಗುಚಿ-ಸಾನ್," ಎಂದು ಹುಡುಗ ತಲೆ ತಗ್ಗಿಸಿದ.

"ಬಾ ಇಲ್ಲಿ. ಹಿಡಿಯೋದು ಹೇಗೆ ಅಂತ ತೋರಿಸ್ತೀನಿ."

ಸಾಮಾನಿನ ಕೋಣೆಯಲ್ಲಿ ನುಮಾಜಿರಿಯ ಗ್ಲೌಸು ನೇತುಹಾಕಿತ್ತು, ನುಮಾಜಿರಿ ಇರಲಿಲ್ಲ. ಸೆತೋಗುಚಿ ಅದರೊಳಗೆ ಎಡಗೈ ತೂರಿಸಿದ. ತೂರಿಸಿದವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅಂಗೈ ಭಾಗದಲ್ಲಿ ದಪ್ಪ ಮೆತ್ತೆ ಇರಬೇಕು. ಇಲ್ಲಿ ಬರೀ ಒಂದು ಪದರ ಚರ್ಮ. ಹೊರಗಿನಿಂದ ಬೆರಳಿನಲ್ಲಿ ಒತ್ತಿದರೆ ಉಗುರು ಒಳಗೆ ತಾಗುತ್ತಿತ್ತು. ಅಂಚಿನಲ್ಲಿ ಹೊಲಿಗೆ ಬಿಚ್ಚಿ, ಮೆತ್ತೆ ತೆಗೆದು, ಮತ್ತೆ ಹೊಲಿದಿದ್ದರು. ಹೊಲಿಗೆಯ ದಾರ ಹೊಸದು.

"ಹತ್ತು ಹೆಜ್ಜೆ ಆಚೆ ನಿಂತ್ಕೊ," ಎಂದ ತಮೋಗಾಮಿಗೆ. "ಒಂದು ಎಸಿ. ಮೆತ್ತಗೆ."

ಹುಡುಗ ಕೆಳಗಿನಿಂದ, ಮಗುವಿಗೆ ಎಸೆದ ಹಾಗೆ ಎಸೆದ. ಸೆತೋಗುಚಿ ಕೈಯನ್ನು ಒಂದಿಷ್ಟು ಮುಂದೆ ತಂದು ಹಿಡಿದ. ಕೋಣೆಯೆಲ್ಲ ಅದುರುವಂತೆ ಸದ್ದಾಯಿತು. ನೋವು ಬೆರಳಿನಿಂದ ಮೊಣಕೈವರೆಗೆ ಹರಿಯಿತು.

ತಮೋಗಾಮಿಗೆ ಅರ್ಥವಾಗಿತ್ತು, ಪಾಪ ಎಲ್ಲಿ ನೋಡುವುದೆಂದು ತಿಳಿಯದೆ ತನ್ನ ಶೂಗಳನ್ನು ನೋಡಿಕೊಂಡ. ಸೆತೋಗುಚಿ ಗ್ಲೌಸು ಬಿಚ್ಚಿ ಕೈಯಲ್ಲಿ ಹಿಡಿದ. ಒಂದು ತಿಂಗಳು ಕೇಳಿದ್ದು ತನ್ನ ಚೆಂಡಿನ ಸದ್ದಲ್ಲ. ಆ ಬೆರಳು ಊದಿದ್ದು ಚೆಂಡಿನ ಬಲಕ್ಕಲ್ಲ, ಬಲ ಇಲ್ಲದ್ದನ್ನು ಮುಚ್ಚಿಡುವುದಕ್ಕೆ.

ನುಮಾಜಿರಿ ಮೈದಾನದ ಹಿಂದಿನ ಮೆಟ್ಟಿಲ ಮೇಲೆ ಕೂತು ಬಾರ್ಲಿ ಚಹಾ ಕುಡಿಯುತ್ತಿದ್ದ. ಸೆತೋಗುಚಿ ಗ್ಲೌಸನ್ನು ಅವನ ತೊಡೆಯ ಮೇಲೆ ಹಾಕಿದ.

"ಎಷ್ಟು ದಿನದಿಂದ?"

ನುಮಾಜಿರಿ ಗ್ಲೌಸು ನೋಡಿದ, ಚಹಾ ಕೆಳಗಿಟ್ಟ. "ಮೇ ಒಂಬತ್ತರಿಂದ. ಮೊದಲು ಮೆತ್ತೆ ಇಟ್ಕೊಂಡೇ ಪ್ರಯತ್ನಪಟ್ಟೆ. ಆಗಲಿಲ್ಲ."

"ನನ್ನನ್ನ ಏನಂದ್ಕೊಂಡಿದೀರಾ? ಆಸ್ಪತ್ರೇಲಿರೋ ಕೂಸು ಅಂತಾನಾ, ಗಿಲಕಿ ಆಡಿಸೋಕೆ?"

"ಸದ್ದು ಮಾಡೋದು ನನ್ನ ಕೆಲಸ ಕಣೋ. ಇಲ್ಲಿಂದ ಎದ್ದು ಹೋಗೋನು ತಾನೇ ದೊಡ್ಡವನು ಅಂದ್ಕೊಂಡು ಹೋಗಬೇಕು. ಹಾಗೆ ಎಷ್ಟೋ ಜನರನ್ನ ಕಳಿಸಿದೀನಿ. ಎಲ್ಲರಿಗೂ ಮಾಡಿದ್ದೇ ನಿನಗೂ ಮಾಡಿದೆ."

"ಎಲ್ಲರಿಗೂ ಮೆತ್ತೆ ಕಿತ್ತಿದ್ರಾ?"

ನುಮಾಜಿರಿ ಗ್ಲೌಸಿನ ಹೊಸ ಹೊಲಿಗೆಯ ಮೇಲೆ ಬೆರಳಾಡಿಸಿದ. "ನೀನು ಎರಡು ವರ್ಷ ಆ ರಬ್ಬರ್ ಪಟ್ಟಿ ಎಳೆಯೋದನ್ನ ನಾನು ನೋಡಿದೀನಿ," ಎಂದ. "ಪೂರ್ತಿ ಬಲ ಹಾಕೋಕೆ ಮುಂಚೆ, ನೀನಿನ್ನೂ ಮೆಲ್ಲಗೆ ಎಸೆಯೋವಾಗಲೇ ಚೆಂಡು ಬಂತು. ಸತ್ತ ಚೆಂಡು. ನನ್ನ ಕೈಗೆ ಗೊತ್ತಾಯ್ತು. ನಿನ್ನ ಮುಖ ನೋಡಿದೆ. ಹೇಳೋಕೆ ಬಾಯಿ ಬರಲಿಲ್ಲ."

ಸೆತೋಗುಚಿಗೆ ಅವನನ್ನು ಹೊಡೆಯಬೇಕೆನಿಸಿತು, ಮರುಕ್ಷಣ ಆ ಊದಿದ ಕೈ ಹಿಡಿದುಕೊಳ್ಳಬೇಕೆನಿಸಿತು. ಎರಡನ್ನೂ ಮಾಡಲಿಲ್ಲ.

"ನಾಳೆಯಿಂದ ಹೊಸ ಗ್ಲೌಸು ತನ್ನಿ. ದಪ್ಪದ್ದು. ಸದ್ದು ಮಾಡದೆ ಹಿಡೀರಿ."

"ಅದೊಂದು ಹೇಳಬೇಡ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಹಿಡಿದವನಲ್ಲ ನಾನು. ನಾಲ್ಕು ಜನ ಕೇಳಿಸ್ಕೊಳ್ತಾರೆ."

"ಕೇಳಿಸ್ಕೊಳ್ಳಲಿ. ಇನ್ನು ಏಳು ವಾರ ಇದೆ ನುಮಾ-ಸಾನ್. ನನ್ನ ಹತ್ರ ಏನಿದೆ ಅಂತ ನನಗೆ ಗೊತ್ತಾಗಬೇಡವಾ?"

ಮರುದಿನ ನುಮಾಜಿರಿ ಹೊಸ ಗ್ಲೌಸು ತೊಟ್ಟು ಕೂತ. ಮುಖ ಸಪ್ಪಗಿತ್ತು. ಸೆತೋಗುಚಿ ಮೈಯ ಬಲವನ್ನೆಲ್ಲ ಹಾಕಿ ಎಸೆದ. ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂತೆ ಸದ್ದಾಯಿತು. ಸಾಲಿನಲ್ಲಿದ್ದ ಬೇರೆ ಎಸೆತಗಾರರು ಕೈ ನಿಲ್ಲಿಸಿ ಇತ್ತ ನೋಡಿದರು. ನುಮಾಜಿರಿಗೆ ಹುಷಾರಿಲ್ಲವೇನೋ ಎಂದು ಒಬ್ಬ ಕೇಳಿಯೂ ಬಿಟ್ಟ. ನುಮಾಜಿರಿ ಕಿವಿಯವರೆಗೂ ಕೆಂಪಾಗಿ ಚೆಂಡು ವಾಪಸು ಎಸೆದ. ಸೆತೋಗುಚಿ ನಲವತ್ತು ಸಲವೂ ಆ ಸದ್ದು ಕೇಳಿದ. ಅವನು ಜೀವಮಾನದಲ್ಲಿ ಮಾಡಿದ ಅತಿ ಕಷ್ಟದ ಕೆಲಸ ಅದು. ಆಸ್ಪತ್ರೆಯ ದಿನಗಳು ಅದರ ಮುಂದೆ ಏನೂ ಅಲ್ಲ.

ಹನ್ನೆರಡು ದಿನ ಹಾಗೇ ನಡೆಯಿತು. ಇನ್ನಷ್ಟು ಬಲ ಹಾಕಿದ, ಸದ್ದು ಬದಲಾಗಲಿಲ್ಲ. ಕಾಲು ಎತ್ತುವ ರೀತಿ ಬದಲಿಸಿದ, ಆಗಲೂ ಅದೇ. ಹದಿಮೂರನೇ ದಿನ ಭುಜದಲ್ಲಿ ಹಳೆಯ ನೋವು ಚುಚ್ಚತೊಡಗಿತು. ಕೈ ತಲೆಯ ಮೇಲಕ್ಕೆ ಹೋಗಲು ಒಪ್ಪಲಿಲ್ಲ. ಬೇಸತ್ತು, ಕೈಯನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಹಳ್ಳಿ ಹುಡುಗರು ಹೊಳೆಗೆ ಚಪ್ಪಟೆ ಕಲ್ಲು ಬೀಸುವಂತೆ ಬೀಸಿದ. ಚೆಂಡು ನೆಟ್ಟಗೆ ಹೋಗಿ, ಕೊನೆಯಲ್ಲಿ ಒಂದು ಗೇಣು ಕೆಳಕ್ಕೂ ಒಳಕ್ಕೂ ಜಾರಿತು. ಗ್ಲೌಸಿನ ಸದ್ದೇ ಬರಲಿಲ್ಲ. ಚೆಂಡು ಗ್ಲೌಸು ತಪ್ಪಿಸಿ ಬಡಿದ ಮಣಿಕಟ್ಟು ಹಿಡಿದುಕೊಂಡು ನುಮಾಜಿರಿ ಕೂತಿದ್ದ.

"ಅದು ಎಲ್ಲಿಗೆ ಹೋಯ್ತು?" ಎಂದ.

"ಗೊತ್ತಿಲ್ಲ. ಕೈ ನೋಯ್ತಿತ್ತು, ಕೆಳಗಿಂದ ಎಸೆದೆ."

"ಇನ್ನೊಂದು ಎಸಿ." ಎರಡನೆಯದು ಗ್ಲೌಸಿನ ಅಂಚಿಗೆ ಬಡಿದು ಹಿಂದಕ್ಕೆ ಹಾರಿತು. ನುಮಾಜಿರಿ ಎದ್ದು ಹೋಗಿ ಚೆಂಡು ಹೆಕ್ಕಿಕೊಂಡು ಬಂದ. ಬರುವಾಗ ತುಟಿಯಂಚಿನಲ್ಲಿ ಬೈಗುಳವಿತ್ತು, ಮುಖದಲ್ಲಿ ಸಿಟ್ಟಿರಲಿಲ್ಲ. "ಈ ದರಿದ್ರ ಚೆಂಡನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?"

ಬಚ್ಚಿಟ್ಟಿರಲಿಲ್ಲ. ಮೇಲಿನಿಂದ ಜೋರಾಗಿ ಎಸೆಯುವವನಿಗೆ ಕೆಳಗೆ ಬಾಗುವ ಅಗತ್ಯವೇ ಬಿದ್ದಿರಲಿಲ್ಲ. ಹದಿನೈದು ವರ್ಷ ಎಸೆದು ಅನ್ನ ತಿಂದವನು ಮೊದಲ ತರಗತಿಯಿಂದ ಕಲಿಯಲು ಕೂತ. ಯಾವ ಹೆಜ್ಜೆಗೆ ಎಷ್ಟು ಜಾರುತ್ತದೆ, ಬೆರಳು ಎಲ್ಲಿ ಒತ್ತಬೇಕು, ಎಷ್ಟು ಎಸೆದರೆ ಭುಜ ಮುನಿಯುತ್ತದೆ. ನುಮಾಜಿರಿ ಒಂದನ್ನೂ ಹೊಗಳಲಿಲ್ಲ. "ಅರ್ಧ ಚೆಂಡು ಹೊರಗೆ," "ಇದನ್ನ ನನ್ನ ಅಜ್ಜಿನೂ ಹೊಡೀತಾಳೆ," "ಇದು ಪರವಾಗಿಲ್ಲ," ಇಷ್ಟೇ. ಆ ಪರವಾಗಿಲ್ಲಕ್ಕೆ ಸೆತೋಗುಚಿ ದಿನವಿಡೀ ಕಾಯುತ್ತಿದ್ದ.

ಜುಲೈ ಇಪ್ಪತ್ತೆಂಟರ ಪಂದ್ಯದಲ್ಲಿ ಆರು ಜನರಿಗೆ ಎಸೆದ. ಐವರು ಚೆಂಡನ್ನು ನೆಲಕ್ಕೆ ಉರುಳಿಸಿ ಔಟಾದರು, ಒಬ್ಬ ಬ್ಯಾಟು ಮುರಿದುಕೊಂಡು ಹೇಗೋ ಓಡಿದ. ಫಲಕದ ಮೇಲೆ ವೇಗ ನೂರ ಇಪ್ಪತ್ನಾಲ್ಕು. ಒಂದು ಪಂದ್ಯ ನೋಡಿ ಎರಡಂಕಿ ಕೊಡುವ ದಡ್ಡರು ಯಾವ ತಂಡದಲ್ಲೂ ಇಲ್ಲ. ಅದನ್ನು ಬರೀ ಅದೃಷ್ಟ ಅಂದರೂ ಅನ್ನಬಹುದು.

ಮರುದಿನ ಬೆಳಿಗ್ಗೆ ಎರಡನೇ ತಂಡದ ಮುಖ್ಯಸ್ಥ ಹಿರುಕಾವಾ ಶೆಡ್ಡಿಗೆ ಬಂದ. ಮೇಲೆ ಯಾರ ಹೆಸರು ಹೋಗಬೇಕೆಂದು ಬರೆಯುವವನು ಅವನೇ. ಸೆತೋಗುಚಿ ಟೋಪಿ ತೆಗೆದು ನಿಂತ. ಹಿರುಕಾವಾ ಅವನನ್ನು ನೋಡದೆ ನುಮಾಜಿರಿಯನ್ನು ಕೇಳಿದ.

"ಹೇಗಿದೆ ಇವನ ಚೆಂಡು?"

ಹಿರುಕಾವಾ ಈ ಪ್ರಶ್ನೆಯನ್ನು ಎಲ್ಲ ಎಸೆತಗಾರರ ಬಗ್ಗೆಯೂ ಕೇಳುತ್ತಿದ್ದ. ನುಮಾಜಿರಿ ಎಲ್ಲರ ಬಗ್ಗೆಯೂ ‘ಚೆನ್ನಾಗಿದೆ’ ಎನ್ನುತ್ತಿದ್ದ. ಎಸೆತಗಾರ ಪಕ್ಕದಲ್ಲೇ ನಿಂತಿರುವಾಗ ಗೋಡೆ ಬೇರೆ ಏನೂ ಹೇಳಬಾರದು. ಹಾಗಾಗಿಯೇ ಆ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

ನುಮಾಜಿರಿ ಒಂದು ಸಲ ಸೆತೋಗುಚಿಯ ಮುಖ ನೋಡಿದ.

"ಹಳೇ ಚೆಂಡು ಸತ್ತುಹೋಗಿದೆ ಹಿರುಕಾವಾ-ಸಾನ್," ಎಂದ. "ಇನ್ನು ಬರಲ್ಲ. ಮುಂದಿನ ವರ್ಷಾನೂ ಬರಲ್ಲ. ಕಾಯೋದು ದಂಡ."

ಸೆತೋಗುಚಿಯ ಕೈಯಲ್ಲಿ ಟೋಪಿ ಹಿಂಡಿಹೋಯಿತು. ಗೊತ್ತಿದ್ದ ಮಾತೇ. ಆದರೂ ಇನ್ನೊಬ್ಬರ ಬಾಯಲ್ಲಿ, ಹಗಲು ಬೆಳಕಿನಲ್ಲಿ ಕೇಳಿದ್ದು ಬೇರೆ.

"ಮತ್ತೆ ನಿನ್ನೆ ಎಸೆದದ್ದು?"

"ಅದು ಬೇರೆ." ನುಮಾಜಿರಿ ಎಡಗೈಯ ಅಂಗಿ ತೋಳು ಮಡಚಿ ತೋರಿಸಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು, ಹಳದಿ, ಕಪ್ಪು ಕಲೆಗಳು. "ಈ ಕೈಗೆ ಇಪ್ಪತ್ತೆರಡು ವರ್ಷ ಆಯ್ತು. ಅದು ಎಲ್ಲಿ ಜಾರುತ್ತೆ ಅಂತ ಈ ಕೈಗೇ ಇನ್ನೂ ಗೊತ್ತಾಗ್ತಿಲ್ಲ. ಹೊಡೆಯೋನಿಗೆ ಹೇಗೆ ಗೊತ್ತಾಗುತ್ತೆ? ಆದ್ರೆ ಒಂದು ದಿನಕ್ಕೆ ಮೂರು ಜನ, ಹೆಚ್ಚಂದ್ರೆ ನಾಲ್ಕು. ನಿನ್ನೆಯ ಆರೇ ಜಾಸ್ತಿ ಆಯ್ತು. ಅದಕ್ಕಿಂತ ಜಾಸ್ತಿ ಎಸೆಸಿದ್ರೆ ಭುಜ ಹೋಗುತ್ತೆ."

ಹಿರುಕಾವಾ ಬಗ್ಗಿ ಆ ಕೈಯನ್ನು ನೋಡಿದ.

"ನಿನ್ನ ಬಾಯಿಂದ ‘ಚೆನ್ನಾಗಿದೆ’ ಬಿಟ್ಟು ಬೇರೆ ಮಾತು ಇವತ್ತೇ ಕೇಳಿದ್ದು," ಎಂದ. ಆಮೇಲೆ ಸೆತೋಗುಚಿಯ ಕಡೆ ತಿರುಗಿ, "ಸಾಮಾನು ಕಟ್ಟಿಕೊ. ಮೇಲಿನವರಿಗೆ ಫೋನ್ ಮಾಡ್ತೀನಿ," ಎಂದು ಹೊರಟುಹೋದ.

ಸಂಜೆಯೊಳಗೆ ಸುದ್ದಿ ಬಂತು. ಅರವತ್ತೆಂಟನೇ ನಂಬರು. ಸೆತೋಗುಚಿ ಶೆಡ್ಡಿಗೆ ವಾಪಸು ಬಂದಾಗ ನುಮಾಜಿರಿ ಎಸೆತಗಾರರು ನಿಲ್ಲುವ ದಿಬ್ಬದ ಮಣ್ಣು ಸಮ ಮಾಡುತ್ತಿದ್ದ. ಸೆತೋಗುಚಿ ಸೊಂಟದವರೆಗೆ ಬಾಗಿ ವಂದಿಸಿದ. ಬಾಗಿದವನಿಗೆ ಮತ್ತೆ ಎದ್ದು ನಿಲ್ಲಲು ಆಗಲಿಲ್ಲ, ಅಳು ಬಂದುಬಿಟ್ಟಿತ್ತು. ಹದಿನೈದು ವರ್ಷ ತನ್ನದಾಗಿದ್ದ ಆ ಸತ್ತ ಹಳೇ ಚೆಂಡಿಗಾಗಿ ಅವನು ಅತ್ತ. ಅದಕ್ಕೆ ಈವರೆಗೆ ಯಾರೂ ಅತ್ತಿರಲಿಲ್ಲ.

ನುಮಾಜಿರಿ ಅವನು ಮುಗಿಸುವವರೆಗೆ ಕಾದ.

"ಮೇಲಿನ ತಂಡದಲ್ಲಿ ಹಿಡಿಯೋನು ಕುಬೋಕಿ," ಎಂದ ಆಮೇಲೆ. "ನಾನೇ ಕಲಿಸಿದ್ದು. ನನಗಿಂತ ಜೋರಾಗಿ ಸದ್ದು ಮಾಡ್ತಾನೆ. ನಂಬಬೇಡ."

"ನಂಬಲ್ಲ ನುಮಾ-ಸಾನ್," ಎಂದು ಸೆತೋಗುಚಿ ಮುಖ ಒರೆಸಿಕೊಂಡ.