ಬುಧವಾರದ ತಪ್ಪು

ಪ್ರಶಸ್ತಿ ಬಂದಿದೆ ಎಂದರೆ ಯಾರಾದರೂ ಹಿಗ್ಗುತ್ತಾರೆ. ದೊಡ್ಡ ಮೇಡಂ ಮಾತ್ರ ಕಣ್ಣುಕಣ್ಣು ಬಿಟ್ಟರು.

ಮೂವತ್ತೊಂದು ವರ್ಷದಿಂದ ಅದೇ ವೈದ್ಯಕೀಯ ಕಾಲೇಜು, ಅದೇ ಆಸ್ಪತ್ರೆ, ಅದೇ ಮೂರನೇ ಮಹಡಿಯ ಮೆಡಿಸಿನ್ ವಾರ್ಡು. ಡಾಕ್ಟರಾಗಲು ಬಂದ ಎಷ್ಟೋ ಮಕ್ಕಳಿಗೆ ರೋಗಿಯ ಮಂಚದ ಪಕ್ಕ ನಿಲ್ಲುವುದನ್ನು ಕಲಿಸಿದವರು ಅವರು. ಇಷ್ಟು ವರ್ಷ ಯಾವ ಸಮಿತಿಯೂ ಅವರ ಕಡೆ ತಿರುಗಿ ನೋಡಿರಲಿಲ್ಲ. ಈಗ ನಿವೃತ್ತಿಗೆ ಎರಡು ವರ್ಷ ಇರುವಾಗ ವಿಭಾಗದ ಮುಖ್ಯಸ್ಥರು ಕರೆಸಿಕೊಂಡು, ಎದುರಿಗೆ ಕೂರಿಸಿ, ಚಹಾ ತರಿಸಿ, "ಈ ವರ್ಷದ ಉತ್ತಮ ಶಿಕ್ಷಕಿ ನೀವೇ ಮೇಡಂ. ಹೊಸ ಬೋಧನಾ ವಿಧಾನಕ್ಕೆ," ಎಂದರು. ಮುಖ್ಯಸ್ಥರು ಒಂದು ಕಾಲದಲ್ಲಿ ಮೇಡಂ ಕೈಕೆಳಗೆ ಕಲಿತವರೇ. ಎಲ್ಲಕ್ಕೂ ಒಂದು ಫೈಲು ಬೇಕು ಎನ್ನುವ ಮನುಷ್ಯ. ಶೀತವಾದರೂ ಮೊದಲು ಉಪಸಮಿತಿ ಮಾಡಿ ಆಮೇಲೆ ಮೂಗು ಒರೆಸಿಕೊಳ್ಳುತ್ತಾರೆ ಎಂದು ವಾರ್ಡಿನ ನರ್ಸುಗಳು ಆಡಿಕೊಳ್ಳುತ್ತಿದ್ದರು.

"ಯಾವ ವಿಧಾನ?" ಎಂದರು ಮೇಡಂ.

"ಅದೇ, ನಿಮ್ಮ ಬುಧವಾರದ ತಪ್ಪು. ಹುಡುಗರೇ ಬರೆದು ಕೊಟ್ಟಿದಾರೆ. ಈ ವರ್ಷ ನೀವು ಬೇಕು ಅಂತಲೇ ಮಾಡಿದ ಹನ್ನೊಂದು ತಪ್ಪು, ಅವರು ಅದನ್ನ ಹಿಡಿದದ್ದು, ಅದರಿಂದ ಕಲಿತದ್ದು, ಎಲ್ಲ ತಾರೀಕಿನ ಸಮೇತ. ಸಮಿತಿಯವರು ಮೂಗಿನ ಮೇಲೆ ಬೆರಳಿಟ್ಟರು."

ಹನ್ನೊಂದು ಎಂಬ ಆ ಅಂಕೆ ಮೇಡಂ ತಲೆಯಲ್ಲಿ ಹುಳ ಬಿಟ್ಟಿತು. ಅಷ್ಟು ತಪ್ಪು ಮಾಡಿದ ನೆನಪು ಅವರಿಗಿರಲಿಲ್ಲ. ಮುಖ್ಯಸ್ಥರು ಮುಂದಿಟ್ಟ ಹುಡುಗರ ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಚಹಾ ಮುಟ್ಟದೆ ಎದ್ದುಬಂದರು.

ಈ ವಿಧಾನದ ಹುಟ್ಟನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಸಮಿತಿಯ ಫೈಲಿನಲ್ಲಿ ಅದು ಸಿಗುವುದಿಲ್ಲ. ವರ್ಷದ ಮೊದಲಲ್ಲಿ ಒಂದು ಬುಧವಾರ ಮೇಡಂ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿ, ರೋಗಿಯ ಬಲಗಡೆ ಶ್ವಾಸಕೋಶದ ಸುತ್ತ ನೀರು ತುಂಬಿದೆ, ಇಲ್ಲಿ ಸೂಜಿ ಹಾಕಿ ತೆಗೆಯಬೇಕು ಎಂದು ತೋರಿಸಿದ್ದರು. ತರಗತಿಯ ಪ್ರತಿನಿಧಿ, ಉದ್ದ ಜಡೆಯ ಹುಡುಗಿ, ಅಳುಕುತ್ತಲೇ ಬಾಯಿ ಬಿಟ್ಟಳು. "ಮೇಡಂ, ಫಿಲ್ಮು ತಿರುವುಮುರುವಾಗಿದೆ. ನೀರಿರೋದು ಎಡಗಡೆ." ಹೌದಲ್ಲ ಎಂದು ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷದ ದೊಡ್ಡಸ್ತಿಕೆ ಅಡ್ಡ ಬಂತು. "ಭೇಷ್. ಯಾರು ಹಿಡೀತೀರಿ ಅಂತಲೇ ಕಾಯ್ತಾ ಇದ್ದೆ," ಎಂದುಬಿಟ್ಟರು. ಹುಡುಗರು ಚಪ್ಪಾಳೆ ತಟ್ಟಿದರು.

ಆಡಿದ ಸುಳ್ಳನ್ನು ನಿಜ ಮಾಡಲು ಮುಂದಿನ ಬುಧವಾರ ಮೇಡಂ ಬೇಕೆಂದೇ ಒಂದು ತಪ್ಪನ್ನು ಇಟ್ಟರು. ಏನು ತಪ್ಪು, ಸರಿ ಯಾವುದು ಎಂದು ಮೊದಲೇ ಸಣ್ಣ ಡೈರಿಯಲ್ಲಿ ಬರೆದುಕೊಂಡರು. ಹುಡುಗರು ಹಿಡಿದರು. ಹಾಗೆಯೇ ರೂಢಿಯಾಯಿತು. ಮೇಡಂ ಮೇಲೆ ಎಷ್ಟೇ ಕೋಪ ಬಂದರೂ ಒಂದು ಮಾತು ಒಪ್ಪಲೇಬೇಕು: ಆ ಮಕ್ಕಳು ಕಲಿತರು. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ದೊಡ್ಡವರ ಮಾತನ್ನು ಕಣ್ಣುಮುಚ್ಚಿ ನಂಬದೆ, ರೋಗಿಯನ್ನೇ ಮುಟ್ಟಿ ನೋಡತೊಡಗಿದರು.

ಮನೆಗೆ ಬಂದವರೇ ಮೇಡಂ ಪಟ್ಟಿಯನ್ನೂ ಡೈರಿಯನ್ನೂ ಊಟದ ಮೇಜಿನ ಮೇಲೆ ಹರಡಿದರು. ಮನೆಯಲ್ಲಿರುವುದು ಅವರು ಮತ್ತು ಅವರ ಅಕ್ಕ, ಇಬ್ಬರೇ. ಅಕ್ಕ ಗಣಿತದ ಟೀಚರಾಗಿದ್ದವಳು. ತರಕಾರಿ ಹೆಚ್ಚುವಾಗಲೂ ಹೋಳು ಸಮ ಇರಬೇಕು ಎನ್ನುವವಳು.

"ಎಣಿಸೋದು ನನಗೆ ಬಿಡು," ಎಂದಳು ಅಕ್ಕ. ಕನ್ನಡಕ ಏರಿಸಿಕೊಂಡು ಎರಡನ್ನೂ ತಾಳೆ ನೋಡಿದಳು. "ಡೈರಿಯಲ್ಲಿ ಏಳೇ ಇದೆಯಲ್ಲೇ."

"ಏಳು ನಾನು ಇಟ್ಟದ್ದು. ಆ ಫಿಲ್ಮಿಂದು ಒಂದು, ಅದು ನಿಜವಾದ ತಪ್ಪು, ಅದೂ ಗೊತ್ತು. ಎಂಟಾಯ್ತು."

"ಉಳಿದ ಮೂರು?"

ಪಟ್ಟಿಯಲ್ಲಿದ್ದ ಉಳಿದ ಮೂರು ಮೇಡಂಗೆ ನೆನಪೇ ಇರಲಿಲ್ಲ. ಒಂದು, ಪೊಟ್ಯಾಸಿಯಂ ಔಷಧಿಯ ಪ್ರಮಾಣವನ್ನು ಹತ್ತು ಪಟ್ಟು ಬರೆದದ್ದು. ಇನ್ನೊಂದು, ಕಿಡ್ನಿ ಸೋತ ರೋಗಿಗೆ ಕೊಡಬಾರದ ನೋವಿನ ಮಾತ್ರೆ ಹೇಳಿದ್ದು. ಮೂರನೆಯದು, ಒಂದೇ ಮುದುಕನಿಗೆ ಐದು ನಿಮಿಷದಲ್ಲಿ ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದು. ಅದರ ಮುಂದೆ ಹುಡುಗರು ಮುದ್ದಾದ ಅಕ್ಷರದಲ್ಲಿ ಬರೆದಿದ್ದರು: "ಕಲಿತದ್ದು: ರೋಗಿಯ ಕಥೆಯನ್ನು ಎರಡು ಬಾರಿ ಕೇಳಿದರೆ ಹೊಸ ವಿಷಯ ಹೊರಬರುತ್ತದೆ."

"ತಾರೀಕು ನೋಡು," ಎಂದಳು ಅಕ್ಕ. "ಒಂದು ಸೋಮವಾರ, ಒಂದು ಶುಕ್ರವಾರ, ಒಂದು ಶನಿವಾರ. ಬುಧವಾರ ಯಾವುದೂ ಅಲ್ಲ."

ಅದಕ್ಕೂ ಹುಡುಗರ ಬಳಿ ಉತ್ತರವಿತ್ತು. ನಾವು ಎಚ್ಚರ ತಪ್ಪಬಾರದೆಂದು ಮೇಡಂ ಇತ್ತೀಚೆಗೆ ಬೇರೆ ದಿನಗಳಲ್ಲೂ ತಪ್ಪು ಇಡತೊಡಗಿದ್ದಾರೆ ಎಂದು ಕೆಳಗೆ ಟಿಪ್ಪಣಿ ಹಾಕಿದ್ದರು. ಮೇಡಂ ಡೈರಿಯನ್ನು ಮತ್ತೆ ಮೊದಲಿನಿಂದ ತಿರುವಿದರು. ಇಟ್ಟು ಮರೆತೆನೋ, ಇಡದೆಯೇ ಆಯಿತೋ? ಡೈರಿಯಲ್ಲಿ ಬರೆಯುವುದು ಮರೆತಿರಬಹುದು. ಆದರೆ ಮರೆತಿದ್ದರೂ ಅದೇ ಮರೆವಿನ ಕಾಯಿಲೆಯಲ್ಲವೇ? ಯಾವ ಕಡೆಯಿಂದ ಲೆಕ್ಕ ಹಾಕಿದರೂ ಭಯವಾಯಿತು. ಆ ಮೂರೂ ನಿಜವಾದ ತಪ್ಪುಗಳಾಗಿದ್ದರೆ ಅವರು ಇನ್ನು ಔಷಧಿ ಚೀಟಿ ಬರೆಯುವಂತಿಲ್ಲ, ವಾರ್ಡಿಗೆ ಕಾಲಿಡುವಂತಿಲ್ಲ.

ಮರುದಿನ ವಾರ್ಡಿನ ಹಿರಿಯ ಸಿಸ್ಟರನ್ನು ಔಷಧಿ ಕೋಣೆಗೆ ಕರೆದು ಕೇಳಿದರು. "ಆ ಪೊಟ್ಯಾಸಿಯಂ ಚೀಟಿ ನೀವು ನೋಡಿದ್ರಾ?"

"ನೋಡಿದ್ದೆ ಮೇಡಂ. ಹುಡುಗರಿಗೆ ಇಟ್ಟದ್ದು ಅಂದ್ಕೊಂಡು ಸುಮ್ಮನಿದ್ದೆ."

"ಅವರು ಹಿಡೀದೆ ಹೋಗಿದ್ರೆ?"

"ಹೇಳ್ತಿದ್ದೆ," ಎಂದರು ಸಿಸ್ಟರ್. ಬೀರುವಿನ ಬೀಗವನ್ನು ತಿರುಗಿಸಿ, ಮತ್ತೆ ತಿರುಗಿಸಿ, "ಹೇಳ್ತಿದ್ದೆ ಅಂದ್ಕೊಂಡಿದೀನಿ," ಎಂದರು.

ಮೇಡಂ ಆ ಹೊತ್ತಿನಿಂದಲೇ ಚೀಟಿ ಬರೆಯುವುದನ್ನು ಕಿರಿಯ ಡಾಕ್ಟರಿಗೆ ಒಪ್ಪಿಸಿ, ನೇರ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ಮುಖ್ಯಸ್ಥರು ಪೂರ್ತಿ ಕೇಳಿದರು, ಪಾಪ. "ನಿಮ್ಮದು ಅತಿ ವಿನಯ ಮೇಡಂ. ಫಲಕದಲ್ಲಿ ಹೆಸರು ಕೊರೆಸಿ ಆಗಿದೆ. ಏನು ಹೇಳೋದಿದ್ರೂ ವೇದಿಕೆ ಮೇಲೇ ಹೇಳಿ," ಎಂದರು.

ಹಾಗಾದರೆ ಅಲ್ಲೇ ಹೇಳುತ್ತೇನೆ ಎಂದುಕೊಂಡರು ಮೇಡಂ. ಶನಿವಾರ ಸಭಾಂಗಣ ತುಂಬಿತ್ತು. ಫಲಕ ಕೈಗೆ ಬಂದ ಮೇಲೆ ಮೈಕಿನ ಮುಂದೆ ನಿಂತು, ಸುತ್ತಿಬಳಸದೆ ಹೇಳಿದರು. "ಈ ಹನ್ನೊಂದರಲ್ಲಿ ನಾನು ಬೇಕಂತ ಇಟ್ಟದ್ದು ಏಳೇ. ಮೊದಲನೇದು ನನ್ನ ತಪ್ಪು, ಮುಚ್ಚಿಟ್ಟೆ. ಇನ್ನು ಮೂರು ನನಗೆ ನೆನಪೇ ಇಲ್ಲ. ಅವು ಪಾಠ ಅಲ್ಲ, ಅಪಾಯ. ಈ ಪ್ರಶಸ್ತಿ ನನಗೆ ಸಲ್ಲೋದಿಲ್ಲ."

ಮೂರನೇ ಸಾಲಿನಿಂದ ಉದ್ದ ಜಡೆಯ ಹುಡುಗಿ ಎದ್ದು ನಿಂತಳು. ಮುಖವೆಲ್ಲ ನಗು.

"ಹನ್ನೆರಡನೇದು ಸಿಕ್ತು ಮೇಡಂ. ನಿಮಗೆ ನೆನಪಿಲ್ಲ ಅಂದ್ರಲ್ಲ, ಅದೇ ತಪ್ಪು. ನಮ್ಮೆಲ್ಲರ ಮನೆ ಊರು ಸಮೇತ ನೆನಪಿಟ್ಟುಕೊಂಡಿರೋರು ನೀವು."

ಸಭಾಂಗಣ ಬಿದ್ದು ಬಿದ್ದು ನಕ್ಕಿತು, ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಖ್ಯಸ್ಥರು ಪಕ್ಕದವರ ಕಿವಿಯಲ್ಲಿ, ನೋಡಿ, ವೇದಿಕೆ ಮೇಲೂ ಪಾಠ ಬಿಡಲಿಲ್ಲ ಎಂದರು. ರೋಗ ಹಿಡಿಯುವುದನ್ನೇ ಕಸುಬು ಮಾಡಿಕೊಂಡ ಮುನ್ನೂರು ಜನ ಅಲ್ಲಿದ್ದರು. ಒಬ್ಬರಿಗಾದರೂ ಅನುಮಾನ ಬರಬೇಡವೇ? ಮೇಡಂಗೆ ಅಳು ಬರುವಷ್ಟು ಒಂಟಿಯೆನಿಸಿತು. ಅದಕ್ಕಿಂತ ವಿಚಿತ್ರವೆಂದರೆ, ಚಪ್ಪಾಳೆ ಜೋರಾದಷ್ಟೂ ಅವರಿಗೇ ಗೊಂದಲ ಹೆಚ್ಚಿತು. ಇಷ್ಟು ಜನ ಹೇಳುತ್ತಿದ್ದಾರಲ್ಲ, ಇಟ್ಟೇ ಇದ್ದೆನೇನೋ ಎನಿಸತೊಡಗಿತು.

ಅಕ್ಕನಿಗೆ ಮಾತ್ರ ಗೊಂದಲವಿರಲಿಲ್ಲ. "ಚಪ್ಪಾಳೆಯಿಂದ ಲೆಕ್ಕ ಸರಿಹೋಗಲ್ಲ ಕಣೇ," ಎಂದು ಸೋಮವಾರ ಬೆಳಿಗ್ಗೆ ತಂಗಿಯನ್ನು ಹೊರಡಿಸಿಕೊಂಡು ನರರೋಗ ತಜ್ಞರ ಬಳಿ ಕರೆದುಕೊಂಡು ಹೋದಳು. ಆ ತಜ್ಞನೂ ಮೇಡಂ ಶಿಷ್ಯನೇ, ಹನ್ನೆರಡು ವರ್ಷದ ಹಿಂದಿನವನು. ಬಾಗಿಲವರೆಗೆ ಬಂದು ಬರಮಾಡಿಕೊಂಡು, ಪ್ರಶಸ್ತಿಗೆ ಅಭಿನಂದನೆ ಹೇಳಿ, ಅಕ್ಕ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಗುರುಗಳನ್ನು ಪರೀಕ್ಷೆ ಮಾಡಬೇಕಲ್ಲ ಎಂಬ ಸಂಕೋಚ ಅವನ ಮುಖದಲ್ಲೇ ಇತ್ತು.

"ಶಾಸ್ತ್ರಕ್ಕೆ ಕೇಳ್ತೀನಿ ಮೇಡಂ. ನೂರರಿಂದ ಏಳೇಳು ಕಳೀತಾ ಹೋಗಿ."

ಈ ಪ್ರಶ್ನೆಯನ್ನು ಅವನಿಗೆ ಕಲಿಸಿದವರೇ ಮೇಡಂ. ಬೆನ್ನು ನೆಟ್ಟಗೆ ಮಾಡಿ ಕೂತರು. "ತೊಂಬತ್ತಮೂರು. ಎಂಬತ್ತಾರು. ಎಪ್ಪತ್ತೊಂಬತ್ತು. ಎಪ್ಪತ್ತೆರಡು. ಅರವತ್ತಮೂರು."

ಅಕ್ಕ ನೆಲ ನೋಡಿದಳು. ಶಿಷ್ಯನ ಮುಖ ಮಾತ್ರ ಅರಳಿತು. "ಹಿಡಿದೆ ಮೇಡಂ. ಅರವತ್ತೈದು. ನನಗೂ ಒಂದು ಇಟ್ರಲ್ಲ."

ಮೇಡಂ ಅವನನ್ನೇ ನೋಡಿದರು. ಹೌದು ಎಂದು ತಲೆಯಾಡಿಸಿದ್ದರೆ ಅವನು ನಂಬುತ್ತಿದ್ದ, ಸಂತೋಷದಿಂದಲೇ ನಂಬುತ್ತಿದ್ದ.

"ಇಲ್ಲಪ್ಪ," ಎಂದರು. "ಇದು ನಾನಿಟ್ಟದ್ದಲ್ಲ."

ಅವನ ನಗು ಸ್ವಲ್ಪ ಹೊತ್ತು ಮುಖದ ಮೇಲೆಯೇ ಉಳಿದಿತ್ತು. ಆಮೇಲೆ ಪೆನ್ನು ತೆಗೆದು ಹಾಳೆಯ ಮೇಲೆ ಅರವತ್ತಮೂರು ಎಂದು ಬರೆದುಕೊಂಡ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ರೋಗಿಯ ಜೊತೆ ಹೇಗೆ ಮಾತಾಡಬೇಕೆಂದು ಅವರೇ ಹೇಳಿಕೊಟ್ಟಿದ್ದ ಆ ಮೆಲುದನಿಯಲ್ಲಿ, "ಮುಂದೆ ಹೇಳಿ ಮೇಡಂ," ಎಂದ.

"ಎಲ್ಲಿಂದ ಹೇಳಲಿ? ಅರವತ್ತೈದರಿಂದಲೋ, ಅರವತ್ತಮೂರರಿಂದಲೋ?"

"ನಿಮಗೆ ಯಾವುದು ಸರಿ ಅನ್ಸತ್ತೋ ಅಲ್ಲಿಂದ."

ಮೇಡಂ ಯೋಚಿಸಿದರು. ಅವರಿಗೆ ಎರಡೂ ಸರಿ ಎಂದೇ ಅನ್ನಿಸಿತು.