ಗುಂಡುಪಿನ್ನಿನ ಪಾಠಗಳು

ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಹೇಳುತ್ತೇನೆಂದು ಬೇರೆ ಯಾರಾದರೂ ಹೊರಟಿದ್ದರೆ ಬೀದಿಯವರು ಬಿದ್ದು ಬಿದ್ದು ನಗುತ್ತಿದ್ದರು. ದರ್ಜಿ ಹೆಂಗಸಿನ ಮುಂದೆ ಮಾತ್ರ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಅವಳ ದೊಡ್ಡ ಮಗಳು ಶಾಲೆಯ ವ್ಯಾನಿನಲ್ಲಿ ಹೋದವಳು, ವ್ಯಾನು ಉರುಳಿ, ವಾಪಸು ಬಂದಿರಲಿಲ್ಲ. ಅಂಥ ಮನೆಯ ಬಾಗಿಲಲ್ಲಿ ನಿಂತು ಯಾರು ತಾನೇ ನಕ್ಕಾರು?

ಅವಳು ಅತ್ತದ್ದನ್ನೂ ಯಾರೂ ಕಂಡಿಲ್ಲ. ಅತ್ತಿದ್ದರೆ ತಾನೇ ಕಾಣುವುದು! ಅಡುಗೆ ಮಾಡಿದಳು, ಹೊಲಿಗೆ ಯಂತ್ರ ತುಳಿದಳು, ಕೊಟ್ಟ ಮಾತಿನ ದಿನಕ್ಕೆ ಬಟ್ಟೆ ಕೊಟ್ಟಳು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೆ. ಊರಿನ ಮಕ್ಕಳಿಗೆಲ್ಲ ಸಮವಸ್ತ್ರ ಹೊಲಿಯುವ ಕೈ ಚಿಕ್ಕವಳಿಗೆ ಒಂದು ಅಂಗಿಯನ್ನೂ ಹೊಲಿಯಲಿಲ್ಲ. ಅಕ್ಕನ ಬಟ್ಟೆಗಳೇ ಬೇಕಾದಷ್ಟಿದ್ದವು.

ಚಿಕ್ಕವಳಿಗೆ ಅಪ್ಪ ಇಟ್ಟ ಹೆಸರು ಪಿಟೀಲು. ಒಮ್ಮೆ ಕುಯ್ಯಲು ಶುರು ಮಾಡಿದರೆ ನಿಲ್ಲಿಸುವವಳಲ್ಲ. ಅಪ್ಪ ಲಾರಿ ಚಾಲಕ, ಅಪರೂಪಕ್ಕೆ ಮನೆಗೆ ಬರುವವನು. ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ತಾಯಿ ಮಗಳ ಭಾಷಾಪಾಠ ನಡೆಯುತ್ತಿತ್ತು. ಮೊದಲು ಗಟ್ಟಿಯಾಗಿ ಓದಬೇಕು, ಸಾಲಿನ ಕೆಳಗೆ ಬೆರಳಿಡಬೇಕು, ಆಮೇಲೆ ಪ್ರಶ್ನೆಗೆ ಪೂರ್ಣ ವಾಕ್ಯದಲ್ಲೇ ಉತ್ತರ ಹೇಳಬೇಕು. ಒಂದೇ ಪದದಲ್ಲಿ ಮುಗಿಸಿದರೆ ಅಮ್ಮ ಬಿಡುತ್ತಿರಲಿಲ್ಲ. "ತೋಳಿಲ್ಲದ ಅಂಗೀನ ಗಿರಾಕಿಗೆ ಕೊಟ್ರೆ ಸುಮ್ನಿರ್ತಾರೇನೇ?" ಎನ್ನುತ್ತಿದ್ದಳು.

ಇನ್ನೊಂದು ಕ್ರಮವೂ ಇತ್ತು. ಹೊಸ ಪುಸ್ತಕ ಬಂದ ದಿನವೇ ತಾನು ಕೂತು ಓದುವುದು, ಯಾರೋ ಸಾಯುತ್ತಾರೆಂಬ ಸುಳಿವು ಸಿಕ್ಕ ಕೂಡಲೇ ಓದು ನಿಲ್ಲಿಸಿ ಆ ಪಾಠದ ಹಾಳೆಗಳನ್ನೆಲ್ಲ ಸೇರಿಸಿ ಗುಂಡುಪಿನ್ನು ಚುಚ್ಚಿಬಿಡುವುದು. "ಇವು ಪರೀಕ್ಷೆಗಿಲ್ಲ" ಎಂದಿದ್ದಳು. ಪಠ್ಯಪುಸ್ತಕ ಮಾಡುವವರಿಗೂ ಬೇರೆ ಕೆಲಸವಿಲ್ಲವೋ ಏನೋ, ನಾಲ್ಕು ಪಾಠ ನಗಿಸುವಷ್ಟರಲ್ಲಿ ಯಾರನ್ನಾದರೂ ಸಾಯಿಸಿರುತ್ತಾರೆ. ಆರನೆಯ ತರಗತಿಯದು, ಏಳನೆಯದು, ಎರಡೂ ಪುಸ್ತಕ ಮುಳ್ಳುಹಂದಿಯ ಹಾಗಾಗಿದ್ದವು.

ಎಂಟನೆಯ ತರಗತಿಗೆ ಶಾಲೆಗೇ ಹೋಗುತ್ತೇನೆಂದು ಪಿಟೀಲು ರಾಗ ತೆಗೆದಳು. ಬೆಳಗಾದರೆ ಅದೇ, ಸಂಜೆಯಾದರೆ ಅದೇ. ಅಪ್ಪ ಅವಳ ಪರ ನಿಂತ. ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಪ್ರವೇಶ ಪರೀಕ್ಷೆಯ ದಿನ ಮಗಳ ಜೊತೆ ನಡೆದುಕೊಂಡೇ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಳು.

ಪರೀಕ್ಷೆ ಮುಗಿದ ಮೇಲೆ ಭಾಷೆಯ ಟೀಚರು ಅವಳನ್ನು ಒಳಗೆ ಕರೆದು ಉತ್ತರದ ಹಾಳೆ ಮುಂದಿಟ್ಟರು.

"ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ವ್ಯಾಕರಣದಲ್ಲೂ ಬೆರಳಿಟ್ಟು ತೋರಿಸೋ ತಪ್ಪಿಲ್ಲ. ಆದ್ರೆ ಇದು ನೋಡಿ. ಒಂದು ಕತೆ ಕೊಟ್ಟು, ಓದಿ ಸ್ವಂತ ಮಾತಲ್ಲಿ ಬರಿ ಅಂದಿದ್ವಿ. ಇಬ್ಬರು ಅಕ್ಕತಂಗೀರು, ಅಕ್ಕನಿಗೆ ಕಾಯಿಲೆ. ವೈದ್ಯರು ಬಂದ್ರು ಅನ್ನೋವರೆಗೆ ಬರೆದು ನಿಲ್ಲಿಸಿದಾಳೆ."

ಹಾಳೆಯ ಕೆಳಗಿನ ಅರ್ಧ ಬಿಳುಪಾಗಿಯೇ ಇತ್ತು.

"ಬಾಯಲ್ಲೂ ಕೇಳ್ದೆ. ಮುಂದೆ ಗೊತ್ತಿಲ್ಲ ಅಂದ್ಲು. ಕತೆ ಪೂರ್ತಿ ಕಣ್ಣೆದುರೇ ಇತ್ತಲ್ಲಮ್ಮ! ಇಂಥ ಕತೆ ಇರೋ ಪಾಠ ಎಲ್ಲೋ ಬಿಟ್ಟುಹೋಗಿದೆ. ಅದನ್ನ ಓದಿಸಿ ಕರ್ಕೊಂಡು ಬನ್ನಿ, ಇನ್ನೊಂದ್ಸಲ ಬರೆಸ್ತೀನಿ. ಆಗ್ಲೂ ಹೀಗೇ ಆದ್ರೆ ಈ ವರ್ಷ ಸೇರಿಸ್ಕೊಳ್ಳೋಕಾಗಲ್ಲ."

ಹೊರಗೆ ಪಿಟೀಲು ಮೈದಾನದ ಹುಡುಗಿಯರನ್ನು ನೋಡುತ್ತ ನಿಂತಿದ್ದಳು.

ಮಾರನೆಯ ದಿನ ಅಮ್ಮ ಮೇಜಿನ ಮೇಲಿನ ಚೂರುಬಟ್ಟೆ ಸರಿಸಿ ಏಳನೆಯ ತರಗತಿಯ ಪುಸ್ತಕವನ್ನಿಟ್ಟಳು. ಬಿಟ್ಟುಹೋದ ಪಾಠಗಳು ಯಾವುವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಬಿಗನ ಪಾಠದ ಪಿನ್ನು ಹಿಡಿದು ಎಳೆದಳು. ಅದು ಬೆಣ್ಣೆಯಿಂದ ಬಂದಷ್ಟು ಸಲೀಸಾಗಿ ಬಂತು.

ಅವಳ ಕೈ ಅಲ್ಲೇ ನಿಂತಿತು. ಒಮ್ಮೆ ಮಾತ್ರ ಚುಚ್ಚಿದ ತೂತು ಪಿನ್ನನ್ನು ಬಿಗಿಯಾಗಿ ಹಿಡಿದಿರುತ್ತದೆ. ಇದು ಸಡಿಲವಾಗಿತ್ತು, ಅಂಚಿನ ಕಾಗದ ಸವೆದು ನವಿರಾಗಿತ್ತು. ಬಿಚ್ಚಿ ಹೊಲಿದ ಬಟ್ಟೆ ಯಾವುದೆಂದು ದೂರದಿಂದಲೇ ಹೇಳುವವಳು ಅವಳು. ಉಳಿದ ಪಿನ್ನುಗಳನ್ನೂ ಮುಟ್ಟಿ ನೋಡಿದಳು. ಎಲ್ಲವೂ ಹಾಗೆಯೇ ಇದ್ದವು.

"ಇವನ್ನ ಓದಿದೀಯೇನೇ?"

ಪಿಟೀಲು ತಲೆಯಾಡಿಸಿದಳು. "ನೀನು ಬಟ್ಟೆ ಕೊಡೋಕೆ ಹೋದಾಗ. ಓದಿ ಮತ್ತೆ ಅದೇ ತೂತಿಗೆ ಚುಚ್ಚಿಡ್ತಿದ್ದೆ."

"ಎಲ್ಲಾನೂ?"

"ಎಲ್ಲಾನೂ. ಅಂಬಿಗಂದು ತುಂಬಾ ಸಲ."

"ಮತ್ತೆ ಶಾಲೇಲಿ ಯಾಕೆ ಬರೀಲಿಲ್ಲ? ಶಾಲೆ ಶಾಲೆ ಅಂತ ನನ್ನ ತಲೆ ತಿಂದಿದ್ಯಲ್ಲ."

"ನೀನು ಹೊರಗಡೆ ಕೂತಿದ್ಯಲ್ಲಮ್ಮ. ಟೀಚರು ನಿಂಗೇ ತೋರಿಸ್ತಾರೆ ಅಂತ ಗೊತ್ತಿತ್ತು." ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ಅಕ್ಕ ಸತ್ತೋದ್ಲು ಅಂತ ಬರೆದಿದ್ರೆ, ನನ್ನ ಅಕ್ಷರದಲ್ಲಿ ನೀನು ಅದನ್ನ ಓದ್ಬೇಕಾಗ್ತಿತ್ತು."

ಬೇರೆ ಯಾವ ತಾಯಿಯಾದರೂ ಇಲ್ಲಿ ಕಣ್ಣೀರು ಹಾಕುತ್ತಿದ್ದಳು. ಇವಳಿಗೆ ಅದೂ ಬರಲಿಲ್ಲ. ನಾಚಿಕೆಯಾಯಿತು. ದೊಡ್ಡವಳು ಹೋದ ಮೇಲೆ ಅವಳಿಗೆ ತಟ್ಟಿದ್ದು ಅದೊಂದೇ, ಅದೂ ಎಲ್ಲೋ ದೂರದಿಂದ.

"ಸರಿ, ಓದು" ಎಂದಳು.

"ನಂದು ಓದಾಗಿದೆ. ಬಾಕಿ ಇರೋದು ನಿಂದು."

ಅಮ್ಮ ಪುಸ್ತಕ ಎಳೆದುಕೊಂಡು ಓದತೊಡಗಿದಳು. ಗಿರಾಕಿಯ ಅಳತೆ ಹೇಳುವಾಗಿನ ದನಿಯೇ. ಅಂಬಿಗ, ಅವನ ದೋಣಿ, ಇಬ್ಬರು ಹೆಣ್ಣುಮಕ್ಕಳು, ಜ್ವರ. "ಬೆಳಗಾಗುವಷ್ಟರಲ್ಲಿ ಅಕ್ಕ" ಎಂಬಲ್ಲಿಗೆ ಬಂದು ನಾಲಿಗೆ ನಿಂತಿತು. ಪಿಟೀಲು ಮುಂದಿನ ಪದದ ಕೆಳಗೆ ಬೆರಳಿಟ್ಟಳು, ಇಟ್ಟುಕೊಂಡೇ ಇದ್ದಳು.

"ತೀರಿಕೊಂಡಿದ್ದಳು" ಎಂದು ಅಮ್ಮ ಓದಿದಳು.

ಪಾಠ ಅಲ್ಲಿಗೆ ಮುಗಿಯುತ್ತದೆಂದು ಅವಳು ತಿಳಿದಿದ್ದಳು. ಮುಗಿದಿರಲಿಲ್ಲ. ಅಂಬಿಗ ಮತ್ತೆ ದೋಣಿ ಇಳಿಸುತ್ತಾನೆ. ಚಿಕ್ಕವಳು ದಿನಾ ಊಟದ ಗಂಟು ಹಿಡಿದು ದಡದಲ್ಲಿ ನಿಲ್ಲುತ್ತಾಳೆ. ಅವನು ನೀರನ್ನೇ ನೋಡುತ್ತ ಹುಟ್ಟು ಹಾಕುತ್ತಾನೆ. ಗಂಟು ತಣ್ಣಗಾಗುತ್ತದೆ, ಅವಳು ನಿಂತೇ ಇರುತ್ತಾಳೆ.

ಪಿಟೀಲು ಪುಸ್ತಕ ತನ್ನ ಕಡೆಗೆ ತಿರುಗಿಸಿಕೊಂಡು ಕೊನೆಯ ಪ್ರಶ್ನೆ ಕೇಳಿದಳು. "ದೊಡ್ಡ ಮಗಳು ಹೋದ ಮೇಲೆ ಅಂಬಿಗನ ಮನೆಯಲ್ಲಿ ಯಾರು ಉಳಿದಿದ್ದರು?"

"ಚಿಕ್ಕವಳು."

"ಪೂರ್ಣ ವಾಕ್ಯದಲ್ಲಿ, ಅಮ್ಮ."

"ಅಂಬಿಗನ ಮನೆಯಲ್ಲಿ ಚಿಕ್ಕ ಮಗಳು ಉಳಿದಿದ್ದಳು" ಎಂದಳು ಅಮ್ಮ. "ಅವನು ಅವಳ ಕಡೆ ನೋಡಿರಲಿಲ್ಲ."

"ಎರಡನೇ ವಾಕ್ಯ ಕೇಳಿರಲಿಲ್ಲ."

"ಗೊತ್ತು."

ಅಮ್ಮ ಎದ್ದು ಮೊಳೆಯಲ್ಲಿ ನೇತುಹಾಕಿದ್ದ ಅಳತೆಯ ಟೇಪು ತೆಗೆದುಕೊಂಡಳು. "ನೆಟ್ಟಗೆ ನಿಂತ್ಕೋ. ಸಮವಸ್ತ್ರಕ್ಕೆ ಅಳತೆ ಹಿಡೀಬೇಕು" ಎಂದಳು. ಪಿಟೀಲು ಉಸಿರು ಬಿಗಿಹಿಡಿದು ನಿಂತಳು. ಭುಜಕ್ಕೆ ಟೇಪು ಹಿಡಿದ ಅಮ್ಮ ಸಂಖ್ಯೆ ನೋಡಿ, ನಂಬದೆ ಇನ್ನೊಮ್ಮೆ ಹಿಡಿದಳು. ಹುಡುಗಿ ಆಗಲೇ ಅಕ್ಕನಿಗಿಂತ ದೊಡ್ಡವಳಾಗಿದ್ದಳು.