ನಾಗಬನಕ್ಕೆ ಹೋದ ಚೆಂಡುಗಳು

ಕೊಟ್ಟಾರದ ಹೋಟೆಲಿನ ಧಣಿ ನಿತ್ಯಾನಂದರಿಗೆ ದೇವರು ಎಲ್ಲ ಕೊಟ್ಟಿದ್ದ, ನಾಲಿಗೆಗೊಂದು ಬೇಲಿ ಮಾತ್ರ ಕೊಟ್ಟಿರಲಿಲ್ಲ. ಮಗ ಗೌರವನಿಗೆ ಹೆಣ್ಣು ನೋಡಲು ಹೋದಲ್ಲಿ ಹುಡುಗಿಯ ತಂದೆ ಲೋಕಯ್ಯ ತಮ್ಮ ಗಾಲ್ಫ್ ಹುಚ್ಚಿನ ಬಗ್ಗೆ ಹೇಳಿದರು. "ನಾನೂ ಆಡ್ತೇನೆ, ಹತ್ತು ವರ್ಷ ಆಯ್ತು," ಎಂದುಬಿಟ್ಟರು ನಿತ್ಯಾನಂದ. ಅವರು ಜನ್ಮದಲ್ಲಿ ಹಿಡಿದ ಕೋಲೆಂದರೆ ತೆಂಗಿನಕಾಯಿ ಕೊಯ್ಯುವ ದೋಟಿ ಒಂದೇ.

"ಹಾಗಾದ್ರೆ ಬರುವ ಭಾನುವಾರ ಒಟ್ಟಿಗೆ ಆಡುವ. ಮದುವೆಯ ಮಾತೂ ಅಲ್ಲಿಯೇ ಮುಗಿಸುವ. ಮೈದಾನ ನೀವೇ ಆರಿಸಿ," ಎಂದರು ಲೋಕಯ್ಯ.

ನಿತ್ಯಾನಂದ ಕಂಕನಾಡಿಗೆ, ಗೆಳೆಯ ಹಾಶಿಮನ ಬಟ್ಟೆ ಅಂಗಡಿಗೆ ಓಡಿದರು. ಹಾಶಿಂ ಮಸ್ಕತ್ತಿನಲ್ಲಿದ್ದಾಗ ನಿಜಕ್ಕೂ ಗಾಲ್ಫ್ ಆಡಿದವ.

"ಹೊಸಬನಿಗೆ ಸಣ್ಣ ಮೈದಾನ ಸಾಕು ಮಾರಾಯ. ಸಮತಟ್ಟು, ಒಂಬತ್ತೇ ಕುಳಿ, ನೀರಿಲ್ಲ, ಮರ ಇಲ್ಲ. ಹತ್ತಿರದಲ್ಲೇ ಒಂದು ಉಂಟು."

"ಸಣ್ಣದಕ್ಕೆ ಹೋದ್ರೆ ನಾನೂ ಸಣ್ಣವನಾಗ್ತೇನೆ. ಗುಡ್ಡದ ಮೇಲಿನ ದೊಡ್ಡದು ಹೇಗೆ?"

"ಅದು ಕಷ್ಟ. ಬಲಕ್ಕೆ ಉದ್ದಕ್ಕೂ ನಾಗಬನ, ದೇವರ ಕಾಡು. ಒಳಗೆ ಹೋದ ಚೆಂಡನ್ನು ಯಾರೂ ತೆಗೀಲಿಕ್ಕೆ ಹೋಗುವುದಿಲ್ಲ. ಬೇರೆ ಕಡೆ ತಪ್ಪಿದ್ರೆ ದಂಡ ಉಂಟು, ಬನಕ್ಕೆ ಹೋದ್ರೆ ಮಾತ್ರ ಇಲ್ಲ. ಹೊರಗೆ ಇನ್ನೊಂದು ಚೆಂಡು ಇಟ್ಟು ಹೊಡೆಯುವುದು."

ನಿತ್ಯಾನಂದರ ಮುಖ ದೀಪ ಹಚ್ಚಿದ ಹಾಗಾಯಿತು. ಸರಿ ಹೋದರೆ ಆಟ, ತಪ್ಪಿದರೆ ಭಕ್ತಿ. ಮೈದಾನ ನಿಶ್ಚಯವಾಯಿತು.

"ನಾಗ ಎಂತ ನಿಮ್ಮ ಅಂಪೈರಾ?" ಎಂದು ಹೆಂಡತಿ ರತ್ನಾವತಿ ಕೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ಭಾನುವಾರ ಮೊದಲ ಚೆಂಡು ಬನಕ್ಕೆ ಹಾರಿತು. ನಿತ್ಯಾನಂದ ಶೂ ಕಳಚಿ, ಕಣ್ಣು ಮುಚ್ಚಿ ಕೈಮುಗಿದರು. ಆ ಭಕ್ತಿ ನೋಡಿ ಲೋಕಯ್ಯರೂ ಮುಗಿದರು. ಎರಡನೆಯದೂ ಬನಕ್ಕೆ. ಮೂರನೆಯದನ್ನು ಬೇಕೆಂದೇ ಎಡಕ್ಕೆ ತಿರುಗಿ ಹೊಡೆದರು. ಅದೂ ಬಲಕ್ಕೇ ಬಾಗಿ ಬನದೊಳಗೆ ಇಳಿಯಿತು. ಲೋಕಯ್ಯರ ಮುಖ ಕಪ್ಪಿಟ್ಟಿತು.

"ಹತ್ತು ವರ್ಷ ಆಡಿದ ಕೈ ಹೀಗೆ ತಪ್ಪುವುದಿಲ್ಲ. ನಾಗನೇ ಕರೆಯುವುದು ಇದು. ನಿಮ್ಮ ಕುಟುಂಬಕ್ಕೆ ದೋಷ ಎಂತಾದ್ರೂ ಉಂಟಾ?"

ನನಗೆ ಆಡಲು ಬರುವುದಿಲ್ಲ ಎಂಬ ಒಂದು ಮಾತು ಸಾಕಿತ್ತು. ಅದು ನಿತ್ಯಾನಂದರ ಗಂಟಲವರೆಗೆ ಬಂತು ಸಹ. ಆದರೆ ಹೊಸ ಟೋಪಿ, ಹೊಸ ಕೋಲುಗಳ ಚೀಲ, ಸುತ್ತ ನಿಂತ ದೊಡ್ಡ ಜನ.

"ಇರಬಹುದು," ಎಂದರು. "ಅಜ್ಜನ ಕಾಲದ್ದು."

"ಹಾಗಾದ್ರೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ನೋಡದೆ ಮದುವೆ ಮಾತು ಬೇಡ," ಎಂದು ಲೋಕಯ್ಯ ಕಾರು ಹತ್ತಿದರು.

ಮನೆಯಲ್ಲಿ ಗೌರವ್ ಊಟದ ತಟ್ಟೆ ಸರಿಸಿ ಎದ್ದ. ರತ್ನಾವತಿ ಕೂಗಾಡಲಿಲ್ಲ. "ದೇವರಂತಹ ಅಜ್ಜನವರ ತಲೆಗೆ ದೋಷ ಕಟ್ಟಿ ಬಂದಿರಾ?" ಎಂದು ಲೋಕಯ್ಯರಿಗೆ ಫೋನ್ ಹಚ್ಚಿ ಗಂಡನ ಕೈಗೆ ಕೊಟ್ಟರು.

ನಿತ್ಯಾನಂದ ಕೆಮ್ಮಿದರು. "ದೋಷ ಗೀಷ ಎಂತ ಇಲ್ಲ ಲೋಕಯ್ಯರೇ. ಇವತ್ತು ಗಾಳಿ ಸ್ವಲ್ಪ ಜೋರಿತ್ತು."

ರತ್ನಾವತಿ ಫೋನ್ ಕಿತ್ತುಕೊಂಡರು. "ಇವರಿಗೆ ಆಡ್ಲಿಕ್ಕೇ ಬರುವುದಿಲ್ಲ. ಕೋಲು ಹಿಡಿದದ್ದೇ ಇವತ್ತು."

ಆಚೆಯಿಂದ ಲೋಕಯ್ಯ ಹೇಳಿದರು: "ದೋಷ ಇಲ್ಲದಿದ್ರೆ ಮದುವೆ ಆಗಲಿ ಅಕ್ಕ. ಮಾವ ಹೇಳಿದ್ದರಲ್ಲಿ ಅರ್ಧ ಮಾತ್ರ ನಂಬು ಅಂತ ಮಗಳಿಗೆ ಈಗಲೇ ಹೇಳಿ ಇಡ್ತೇನೆ."